ಒಳಗೆ ಒಂದು ಮಗು, ಕ್ಷೇಮ

ನಮ್ಮ ಶಿಶುಮನೆಯ ಗೋಡೆಗಳಿಗೆ ದೊಡ್ಡವರೆಂದರೆ ಲೆಕ್ಕಕ್ಕೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸದಾಗಿ ನೋಡಲು ಬಂದವರೆಲ್ಲ ಇದಕ್ಕೇ ಮುಖ ಗಂಟು ಹಾಕಿಕೊಳ್ಳುತ್ತಾರೆ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಬಂದು ಗೋಡೆಗೆ ಒರಗಿ ಫೋಟೊ ತೆಗೆಸಿಕೊಂಡರು. ಗೋಡೆ ಕಲ್ಲಿನಂತೆ ಬಿಗಿದುಕೊಂಡೇ ಇತ್ತು. ಅವರ ಪಕ್ಕದಲ್ಲಿ ಮೂಗು ಸುರಿಸುತ್ತ ನಿಂತಿದ್ದ ಮೂರು ವರ್ಷದ ಪೋರ ಒರಗಿದ್ದೇ ತಡ, ಗೋಡೆ ಮೆತ್ತಗಾಗಿ ಅವನ ಬೆನ್ನಿಗೆ ತಕ್ಕಂತೆ ಒಳಕ್ಕೆ ಬಾಗಿತು. ಅಧಿಕಾರಿಗೆ ಅವಮಾನವಾಯಿತೋ ಏನೋ, ಚಹಾ ಕುಡಿಯದೆಯೇ ಹೊರಟುಹೋದರು.

ನಾನು ಅಂದಾನಪ್ಪ. ಗಜೇಂದ್ರಗಡದ ಈ ಕಟ್ಟಡದ ಉಸ್ತುವಾರಿ ಎಂಜಿನಿಯರ್. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಗುಡ್ಡದ ಬುಡದಲ್ಲಿ ನನ್ನ ಕಟ್ಟಡ ಉಸಿರಾಡುತ್ತಿರುತ್ತದೆ. ನನ್ನದು ಎಂದು ಬಾಯಿಮಾತಿಗೆ ಅಂದೆ, ಅದನ್ನು ರೂಪಿಸಿದವರು ಧಾರವಾಡದ ಮುಕ್ತಾ ದೇಸಾಯಿ. ಅವರ ತಲೆಯಲ್ಲಿ ಹುಟ್ಟಿದ್ದು ಒಂದೇ ಪ್ರಶ್ನೆ. ಬಾಗಿಲು, ಕಿಟಕಿ, ನಲ್ಲಿ, ಮೆಟ್ಟಿಲು ಎಲ್ಲವನ್ನೂ ನಮ್ಮ ಎತ್ತರಕ್ಕೆ ಕಟ್ಟಿ, ಮಕ್ಕಳಿಗೆ ಹೊಂದಿಕೊಳ್ಳಿ ಅನ್ನುತ್ತೇವಲ್ಲ, ಅದರ ಬದಲು ಕಟ್ಟಡವೇ ಮಕ್ಕಳಿಗೆ ಹೊಂದಿಕೊಂಡರೆ?

ಗೋಡೆಯೊಳಗೆ ಜೇನುಹುಟ್ಟಿನಂಥ ಕಣ್ಣುಗಳು, ಅವುಗಳ ತುಂಬ ಒಂದು ಬಗೆಯ ಮೇಣ. ಮೇಣದ ನಡುವೆ ಸಣ್ಣ ಕೊಳವೆಗಳು. ಕೊಳವೆಯಲ್ಲಿ ಬಿಸಿನೀರು ಹರಿದರೆ ಮೇಣ ಮೆದುವಾಗಿ, ಗಾಳಿ ಒತ್ತಿದ ಆಕಾರಕ್ಕೆ ಬಾಗುತ್ತದೆ. ತಣ್ಣೀರು ಹರಿದರೆ ಹಾಗೆಯೇ ಗಟ್ಟಿಯಾಗುತ್ತದೆ. ನೆಲದ ಪ್ರತಿ ಬಿಲ್ಲೆಗೂ ಅದರ ಮೇಲೆ ಬಿದ್ದ ಭಾರ ತಿಳಿಯುತ್ತದೆ, ಎದೆಬಡಿತದ ನಡುಕವೂ ತಿಳಿಯುತ್ತದೆ. ಬಿಲ್ಲೆಯ ಮೇಲೆ ಬಿದ್ದದ್ದು ಹಗುರವಾಗಿದ್ದರೆ ಮಗು, ಭಾರವಾಗಿದ್ದರೆ ದೊಡ್ಡವರು. ಕಟ್ಟಡದ ಬುದ್ಧಿ ಇಷ್ಟೇ. ಹೋದ ತಿಂಗಳು ಯಾರದೋ ಆಡಿನ ಮರಿ ಒಳಗೆ ಬಂದು ಮಲಗಿತ್ತು. ನಿಯಂತ್ರಣ ಕೋಣೆಯ ಪರದೆಯ ಮೇಲೆ ಒಂದು ಮಗು ಹೆಚ್ಚಾಯಿತು, ಗೋಡೆ ಅದಕ್ಕೂ ಚೆಂದದ ತೊಟ್ಟಿಲು ಮಾಡಿಕೊಟ್ಟಿತು. ಶಿಶುಮನೆಯ ಶಮೀಮ್ ಟೀಚರ್ ಮಧ್ಯಾಹ್ನವೆಲ್ಲ ನಕ್ಕಿದ್ದೇ ನಕ್ಕಿದ್ದು.

ಗೂಡಿನ ವಿಷಯವನ್ನೂ ಹೇಳಬೇಕು. ಮಕ್ಕಳಿಗೆ ಆಗಾಗ ಅಡಗಿಕೊಳ್ಳಬೇಕು ಅನಿಸುತ್ತದೆ. ಅಂಥ ಮಗು ಗೋಡೆಯನ್ನು ಒತ್ತಿ ಹಿಡಿದರೆ ಗೋಡೆ ಗೂಡಾಗಿ ಅದನ್ನು ಒಳಗೆ ಕರೆದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಗಾಳಿಗೆ ಬೇರೆ ದಾರಿ ಇದೆ, ಅದಕ್ಕೆ ವಿದ್ಯುತ್ತೂ ಬೇಡ. ಗೂಡು ತೆರೆಯುವುದು ಒಳಗಿನಿಂದ ಮಾತ್ರ. ಎಲ್ಲಿದೆ ಎಂದು ಪರದೆ ತೋರಿಸುವುದಿಲ್ಲ. ಎಷ್ಟು ಮಕ್ಕಳಿದ್ದಾರೆ, ಕ್ಷೇಮವೇ ಅಲ್ಲವೇ, ಅಷ್ಟು ಮಾತ್ರ ಹೇಳುತ್ತದೆ. ಗೋಡೆಗಳ ನಕ್ಷೆ ಕಾಣುವುದು ಕೊನೆಯ ಮಗು ಮನೆಗೆ ಹೋದ ಮೇಲೆಯೇ.

"ಒಂದು ಕೀಲಿ ಇಡೂಣಲ್ರೀ ಮೇಡಂ, ಅಡಚಣಿಗೆ ಬೇಕಾಕ್ಕೈತಿ" ಎಂದು ಕಟ್ಟುವಾಗಲೇ ಕೇಳಿದ್ದೆ.

"ಕೀಲಿ ಇದ್ರ ಯಾರರ ತೆರದ ತೆರೀತಾರ, ಅಂದಾನಪ್ಪನವರ. ಅಡಗಿದ ಕೂಸನ್ನ ನಾವು ಪರದೆ ಮ್ಯಾಲೆ ನೋಡ್ಕೋತ ಕುಂತ್ರ ಅದು ಅಡಗಿದ್ದು ಹ್ಯಾಂಗಾತು?" ಎಂದಿದ್ದರು ಮುಕ್ತಾ. ಬೆಂಕಿ ಬಿದ್ದರೆ ಇರಲಿ ಎಂದು ಒಂದು ಕೆಂಪು ಹಿಡಿಕೆ ಮಾತ್ರ ಇಟ್ಟರು. ಅದನ್ನು ಎಳೆದರೆ ಗೋಡೆಗಳೆಲ್ಲ ಒಮ್ಮೆಗೇ ಚಪ್ಪಟೆಯಾಗಿ, ಒಳಗಿದ್ದವರನ್ನು ಹೊರಗೆ ತಳ್ಳಿ, ಗಟ್ಟಿಯಾಗುತ್ತವೆ.

ತಿಂಗಳಿಗೊಮ್ಮೆ ನಾನೂ ಮುಕ್ತಾ ಅವರೂ ಪರದೆಯಲ್ಲಿ ಮುಖಾಮುಖಿಯಾಗಿ ಗೋಡೆಗಳ ತಪಾಸಣೆ ಮಾಡುತ್ತೇವೆ. ಆ ಸಲ ನಕ್ಷೆಯಲ್ಲಿ ಅಡುಗೆಮನೆ ಪಕ್ಕದ ಗೋಡೆ ಕೆಂಪಗೆ ಕಂಡಿತು. ಅಲ್ಲಿ ದಿನವೂ ಒಂದೇ ಗೂಡು. ತಗ್ಗು ಛಾವಣಿ, ಕತ್ತಲೆ, ತೀರ ಸಣ್ಣ ಬಾಯಿ, ಮೈ ಕಾಯುವಷ್ಟು ಬಿಸಿ. ಬೇರೆ ಮಕ್ಕಳ ಗೂಡುಗಳಿಗೆಲ್ಲ ಬೆಳಕಿನ ಕಿಂಡಿ ಇರುತ್ತದೆ, ತಂಪಾಗಿರುತ್ತವೆ.

"ಇಂಥ ಬ್ಯಾಸಗ್ಯಾಗ ಯಾವ ಕೂಸಿಗೆ ಇಷ್ಟು ಬಿಸಿ ಬೇಕಾಗಿರ್ತೈತಿ?" ಎಂದರು ಮುಕ್ತಾ.

"ಕೊಳವಿ ಸೋರಾಕತ್ತಿರಬೇಕ್ರಿ" ಎಂದೆ.

ಇಬ್ಬರಿಗೂ ಸರಿ ಅನಿಸಿತು. ಆ ಭಾಗದ ಬಿಸಿನೀರು ನಿಲ್ಲಿಸಿ, ಗೋಡೆಯನ್ನು ಚಪ್ಪಟೆ ಮಾಡಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡೆವು. ಬೇಡದ ಬಿಸಿಯೆಂದರೆ ಕೆಟ್ಟ ಯಂತ್ರ ಎಂದು ನಮ್ಮಂಥವರಿಗೆ ಕಲಿಸಿರುತ್ತಾರೆ. ಬೇರೆ ಏನಾದರೂ ಇರಬಹುದೆಂದು ಆ ಹೊತ್ತಿಗೆ ಹೊಳೆಯಲಿಲ್ಲ.

ಅದೇ ಸಂಜೆ ಪಕ್ಕದ ಮನೆಯ ನೀಲಕ್ಕ ಕರೆದಳು, ಫ್ಯಾನು ಕೆಟ್ಟಿದೆಯೆಂದು. ಅವಳ ಮಗಳು ಕಸ್ತೂರಿ ಹೆರಿಗೆಗೆಂದು ಕೊಪ್ಪಳದ ಕಡೆಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಗಂಡು ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಅಂಗೈಯಗಲ ಇತ್ತಂತೆ. ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ವಾರಗಳಾಗಿದ್ದವು. ನೀಲಕ್ಕ ಬಾಣಂತಿ ಕೋಣೆಯನ್ನು ಕೋಟೆಯ ಹಾಗೆ ಕಾಯುತ್ತಿದ್ದಳು. ಕಿಟಕಿಗೆ ಕಂಬಳಿ, ಹೊರಸಿನ ಕೆಳಗೆ ಕೆಂಡದ ಬುಟ್ಟಿ, ಅಜವಾನದ ಹೊಗೆ. ಕಾಲ ಎಷ್ಟೇ ಬದಲಾಗಲಿ, ಗುಡ್ಡದ ತುಂಬ ಗಾಳಿಯಂತ್ರ ನಿಲ್ಲಲಿ, ನಮ್ಮ ಊರಿನ ಬಾಣಂತಿ ಇನ್ನೂ ಕಿವಿಗೆ ಬಟ್ಟೆ ಕಟ್ಟಿಕೊಂಡೇ ಮಲಗುತ್ತಾಳೆ.

ಕೋಣೆಯ ಹೊಸ್ತಿಲ ಹೊರಗೆ ಕಸ್ತೂರಿಯ ಹಿರಿಮಗಳು ತನುಜಾ ಕೂತಿದ್ದಳು. ಮೂರು ತುಂಬಿ ನಾಲ್ಕು ನಡೆಯುತ್ತಿತ್ತು, ಅವ್ವನ ಜೊತೆ ಊರಿಗೆ ಬಂದಾಗಿನಿಂದ ನಮ್ಮ ಶಿಶುಮನೆಗೇ ಬರುತ್ತಿದ್ದಳು. ಚಪ್ಪಲಿಗಳನ್ನು ಹೊಸ್ತಿಲ ಪಕ್ಕ ಜೋಡಿಸಿಟ್ಟು, ಬಾಗಿಲ ಸಂದಿಗೆ ಕೆನ್ನೆ ಒತ್ತಿಕೊಂಡಿದ್ದಳು. ಸಂದಿಯಿಂದ ಬೆಚ್ಚಗಿನ ಹೊಗೆ ಹೊರಗೆ ಬರುತ್ತಿತ್ತು.

"ಆಯೀ, ಒಳಗ ಬರ್ಲೇನು?"

"ಕೈಕಾಲ ತೊಳಕೊಂಡೀಯೇನ?" ಒಳಗಿನಿಂದ ಅಜ್ಜಿ ನೀಲಕ್ಕನ ಧ್ವನಿ.

"ತೊಳಕೊಂಡೀನಿ."

"ಆದ್ರೂ ಬ್ಯಾಡ ನನ್ನವ್ವಾ. ಹೊರಗ ಆಡಿ ಬಂದಾಕಿ ನೀ. ತಮ್ಮ ಭಾಳ ಸಣ್ಣಾಂವ ಅದಾನ, ಏನರ ಹತ್ತತೈತಿ. ನಾಳಿಗೆ ಬರೂವಂತಿ."

ಆ ನಾಳೆ ಎಷ್ಟು ದಿನದಿಂದ ಬರುತ್ತಿತ್ತೋ. ಹುಡುಗಿ ಅಳಲಿಲ್ಲ. ತೊಳೆದ ಪಾದಗಳನ್ನು ಒಮ್ಮೆ ನೋಡಿಕೊಂಡು ಮತ್ತೆ ಸಂದಿಗೆ ಕೆನ್ನೆ ಒತ್ತಿದಳು. ಆದರೆ ನೀಲಕ್ಕನನ್ನು ಬೈಯುವ ಹಾಗೂ ಇರಲಿಲ್ಲ, ಆ ಕೂಸನ್ನು ಉಳಿಸಿಕೊಳ್ಳಲು ಅವಳು ನಿದ್ದೆಗೆಟ್ಟು ಕಣ್ಣು ಕೆಂಪು ಮಾಡಿಕೊಂಡಿದ್ದಳು. ನಾನು ಫ್ಯಾನು ಸರಿಮಾಡಿ, ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡಿ ತಿಂದು, ಮನೆಗೆ ಬಂದೆ.

ಮರುದಿನ ಸಂಜೆ ಮಕ್ಕಳೆಲ್ಲ ಮನೆಗೆ ಹೊರಟರು. ಗೇಟಿನಲ್ಲಿ ಎಂದಿನಂತೆ ಸಂತೆ. ನಾನು ನಿಯಂತ್ರಣ ಕೋಣೆಯಲ್ಲಿ ಕೊನೆಯ ಮಗು ಹೋಗುವುದನ್ನೇ ಕಾಯುತ್ತಿದ್ದೆ, ಬೀಗ ಹಾಕಲು. ಅಷ್ಟರಲ್ಲಿ ಶಮೀಮ್ ಟೀಚರ್ ಬಾಗಿಲಲ್ಲಿ ಬಂದು ನಿಂತರು. ಮುಖ ಬಿಳಚಿಕೊಂಡಿತ್ತು.

"ಸರ, ತನು ಎಲ್ಲೂ ಕಾಣವಲ್ಲಳ್ರೀ. ನೀಲವ್ವಾರು ಕರಕೊಂಡು ಹೋಗಾಕ ಬಂದಾರ."

ಪರದೆ ನೋಡಿದೆ. ಒಳಗೆ ಒಂದು ಮಗು. ಕ್ಷೇಮ.

"ಒಳಗ ಅದಾಳ್ರೀ, ಗೂಡಿನ್ಯಾಗ ಕುಂತಿರಬೇಕು" ಎಂದೆ. ಟೀಚರ್ ಉಸಿರು ಬಿಟ್ಟರು. ಆಮೇಲೆ ಮೆಲ್ಲಗೆ ಅಂದರು, "ಆಕಿ ಚಪ್ಪಲಿ ಇಲ್ರೀ. ಎಲ್ಲಾ ಕಡೆ ನೋಡಿದೆ."

ನಮ್ಮಲ್ಲಿ ಮಕ್ಕಳ ಚಪ್ಪಲಿಗಳು ಬಾಗಿಲ ಹೊರಗಿನ ಗೂಟದ ಹಲಗೆಯ ಮೇಲೆಯೇ ಇರುತ್ತವೆ. ಒಳಗೆ ಬರಿಗಾಲು. ಚಪ್ಪಲಿ ಇಲ್ಲವೆಂದರೆ ಹುಡುಗಿ ಹೊರಗೆ ಹೋಗಿದ್ದಾಳೆ. ಹಾಗಿದ್ದರೆ ಪರದೆ ಹೇಳುತ್ತಿರುವ ಮಗು ಯಾವುದು? ನನ್ನ ಕಣ್ಣ ಮುಂದೆ ಆ ಆಡಿನ ಮರಿ ಬಂದು ನಿಂತಿತು. ಅದೂ ಕ್ಷೇಮವಾಗಿಯೇ ಇತ್ತಲ್ಲ. ಕಟ್ಟಡದ ಹಿಂದೆ, ಗುಡ್ಡದ ಮಗ್ಗುಲಲ್ಲಿ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿ ಇದೆ. ಅದರ ತುಂಬ ನೀರು.

ಶಮೀಮ್ ಟೀಚರ್ ಓಣಿಯ ನಾಲ್ಕು ಜನರನ್ನು ಕೂಡಿಸಿಕೊಂಡು ಕ್ವಾರಿಯ ಕಡೆ ಓಡಿದರು. ನಾನು ಗೋಡೆ ಗೋಡೆಗೂ ಹೋಗಿ ಬಡಿದೆ. "ತನೂ! ಏ ತನವ್ವಾ!" ಎಂದು ಕೂಗಿದೆ. ನನ್ನ ಧ್ವನಿಗೆ ಗೋಡೆ ಯಾಕೆ ಮೆತ್ತಗಾಗುತ್ತದೆ? ಗಟ್ಟಿಯಾದ ಗೋಡೆಯೊಳಕ್ಕೆ ಸದ್ದು ಹೋಗುವುದೂ ಇಲ್ಲ. ಹಿಂದೆಯೇ ನೀಲಕ್ಕ ಸೆರಗು ಬಾಯಿಗೊತ್ತಿಕೊಂಡು ಬರುತ್ತಿದ್ದಳು. "ಅಂದಾನಪ್ಪಾ, ಗ್ವಾಡಿ ನುಂಗೈತೇನೋ ನನ್ನ ಮೊಮ್ಮಗಳನ್ನ?" ಎಂದು ಕೇಳಿದಳು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಮುಕ್ತಾ ಅವರಿಗೆ ಕರೆ ಮಾಡಿದೆ. ಪರದೆಯಲ್ಲಿ ಅವರ ಮುಖ ಬಂದ ಕೂಡಲೇ, "ನಾ ಕೆಂಪು ಹಿಡಿಕಿ ಎಳೀತೀನ್ರೀ" ಎಂದೆ.

"ತಡೀರಿ. ಬಿಸಿನೀರು ಎಷ್ಟು ಖರ್ಚಾಗೈತಿ, ನೋಡಿ ಹೇಳ್ರಿ."

ನೋಡಿದೆ. ಇಡೀ ಕಟ್ಟಡದ ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ದಿನಕ್ಕೆ ಖರ್ಚಾಗುವುದರ ದುಪ್ಪಟ್ಟು ಖರ್ಚಾಗಿತ್ತು.

ಮುಕ್ತಾ ಬೆರಳ ಮೇಲೆ ಲೆಕ್ಕ ಹಾಕಿದರು. "ಹಂಗಂದ್ರ ಎಲ್ಲೋ ದೊಡ್ಡ ಗೂಡು ಆಗೈತಿ. ನಾವು ನಿನ್ನೆ ಒಂದು ಗ್ವಾಡಿ ಬಂದ್ ಮಾಡಿದ್ವಿ. ಕಟ್ಟಡ ಬ್ಯಾರೆ ಕಡೆ ಎರಡು ಗ್ವಾಡಿ ಕೂಡಿಸಿ ಆಳ ಮಾಡಿರಬೇಕು. ಅಷ್ಟು ಆಳ ಇದ್ರ ಹಿಡಿಕಿ ಎಳೀಬ್ಯಾಡ್ರಿ. ಬಾಯಿ ಮೊದಲ ಚಪ್ಪಟಿ ಆಗಿ ಗಟ್ಟಿ ಆಕ್ಕೈತಿ, ಕೂಸು ಒಳಗ ಉಳೀತೈತಿ."

"ಇಲ್ಲಾ ಅದು ಸೋರಿದ ನೀರೂ ಇರಬಹುದಲ್ರೀ? ಕೂಸು ಕ್ವಾರಿ ಕಡೆ ಹೋಗಿದ್ರ?"

"ಇರಬಹುದು" ಎಂದರು ಮುಕ್ತಾ. "ನನಗ ಗೊತ್ತಿಲ್ಲ, ಅಂದಾನಪ್ಪನವರ."

ಇಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ನಿಂತೆ. ಎಳೆದರೆ, ಹುಡುಗಿ ಒಳಗಿದ್ದರೆ, ಗೋಡೆಯನ್ನು ಹಾರೆಯಿಂದ ಒಡೆದು ತೆಗೆಯಬೇಕು. ಎಳೆಯದೆ ಕಾದರೆ, ಹುಡುಗಿ ಹೊರಗಿದ್ದರೆ, ಅದನ್ನು ಯೋಚಿಸಲೂ ಆಗಲಿಲ್ಲ. ಶಮೀಮ್ ಟೀಚರ್ ಫೋನಿನಲ್ಲಿ ಹೇಳುತ್ತಿದ್ದರು, ಕ್ವಾರಿಯ ದಂಡೆಯಲ್ಲಿ ಏನೂ ಕಾಣುತ್ತಿಲ್ಲ, ಕತ್ತಲಾಗುವ ಮೊದಲು ಈಜು ಬಲ್ಲವರನ್ನು ಕಳಿಸಿ ಎಂದು.

ಆಗ ಗೇಟಿನ ಸಪ್ಪಳವಾಯಿತು. ಓಣಿಯವರಿಂದ ಸುದ್ದಿ ತಿಳಿದು ಕಸ್ತೂರಿ ಬಂದಿದ್ದಳು. ಕಿವಿಗೆ ಬಟ್ಟೆ, ಮೈತುಂಬ ಚಾದರ, ಎದೆಗೆ ಅವಚಿಕೊಂಡ ಕೂಸು, ಕೂಸಿನ ತಲೆಗೆ ಕುಂಚಗಿ. ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದಳು.

ನೀಲಕ್ಕ ಎದೆ ಬಡಿದುಕೊಂಡಳು. "ಹಸೀ ಬಾಣಂತಿ! ಹೊಸ್ತಿಲಾ ದಾಟಿ ಬಂದೀಯಲ್ಲೇ! ಆ ಕೂಸಿಗೆ ಗಾಳಿ ಬಡದ್ರ ಏನ್ ಗತಿ?"

"ತನುನೂ ನನ್ನ ಕೂಸ ಅಲ್ಲೇನಬೇ?" ಎಂದಳು ಕಸ್ತೂರಿ. ಅಷ್ಟೇ ಅಂದಳು. ನೀಲಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಕಸ್ತೂರಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ನಡೆದಳು. ದಾಸ್ತಾನು ಕೋಣೆಯ ಗೋಡೆಯ ಹತ್ತಿರ ತಟ್ಟನೆ ನಿಂತಳು. "ಇಲ್ಲಿ ನೆಲ ಬೆಚ್ಚಗ ಐತ್ರಿ" ಎಂದಳು. ನಾನು ಬೂಟು ಬಿಚ್ಚಿ ಕಾಲಿಟ್ಟು ನೋಡಿದೆ. ಹೌದು, ಅಂಗೈಯಷ್ಟು ಬೆಚ್ಚಗಿತ್ತು. ಅಷ್ಟು ಹೊತ್ತು ಅದರ ಮೇಲೆಯೇ ಓಡಾಡಿದ್ದೆ.

ನಿನ್ನೆ ನೋಡಿದ ನಕ್ಷೆ ನೆನಪಾಯಿತು. ತಗ್ಗು ಛಾವಣಿ, ಕತ್ತಲೆ, ಸಣ್ಣ ಬಾಯಿ, ಮೈ ಕಾಯುವ ಬಿಸಿ. ಹುಡುಗಿಗೆ ತನ್ನ ಅವ್ವನ ಕೋಣೆ ಬೇಕಿತ್ತು. ಮನೆಯಲ್ಲಿ ಒಳಗೆ ಬಿಡಲಿಲ್ಲ, ಇಲ್ಲಿ ಗೋಡೆ ಮಾಡಿಕೊಟ್ಟಿತು. ಅದನ್ನೂ ನಾವಿಬ್ಬರು ಬುದ್ಧಿವಂತರು ಸೋರುವ ಕೊಳವೆ ಎಂದು ಚಪ್ಪಟೆ ಮಾಡಿದೆವು. ಹುಡುಗಿ ಬೇರೆ ಗೋಡೆಯನ್ನು ಕೇಳಿದ್ದಳು, ಅದು ಇನ್ನೂ ಆಳಕ್ಕೆ ಕರೆದುಕೊಂಡಿತ್ತು.

ಕಸ್ತೂರಿ ಗೋಡೆಯ ಬುಡದಲ್ಲಿ ಕೂತಳು. ಅವಳು ಒರಗಿದ ಕಡೆ ಗೋಡೆ ಗಟ್ಟಿಯಾಗಿಯೇ ಇತ್ತು. ಕೂಸನ್ನು ನೆಲದ ಮೇಲೆ ಮಲಗಿಸಿದಳು, ಕೂಸು ಸಣ್ಣಗೆ ರಾಗ ತೆಗೆಯಿತು. ಆಗ ಗೋಡೆ, ಅದರ ಪಕ್ಕದಲ್ಲಷ್ಟೇ, ಅಂಗೈಯಗಲ ಮೆತ್ತಗಾಯಿತು.

ಕಸ್ತೂರಿ ಆ ಮೆತ್ತನೆಯ ಜಾಗಕ್ಕೆ ಬಾಯಿ ಹಚ್ಚಿದಳು. "ತನೂ, ನಾ ಬಂದೀನಿ. ನಿನ್ನ ತಮ್ಮನ್ನೂ ಕರಕೊಂಡು ಬಂದೀನಿ. ಒಳಗ ಬರ್ಲೇನು?"

ಆಮೇಲೆ ಗೋಡೆಯೊಳಗಿಂದ, ತುಂಬ ದೂರದಿಂದ ಬಂದಂತೆ, ಗಂಭೀರವಾದ ಸಣ್ಣ ಧ್ವನಿಯೊಂದು ಕೇಳಿಸಿತು.

"ಕೈಕಾಲ ತೊಳಕೊಂಡೀಯೇನ?"

ನೀಲಕ್ಕ ಅಲ್ಲಿಯೇ ನೆಲಕ್ಕೆ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನನಗಂತೂ ಹೋದ ಜೀವ ಬಂತು, ಕಣ್ಣಲ್ಲಿ ನೀರೂ ಬಂತು. ಫೋನು ಎತ್ತಿ ಶಮೀಮ್ ಟೀಚರಿಗೆ, "ಸಿಕ್ಕಳ್ರೀ, ಸಿಕ್ಕಳು! ಎಲ್ಲಾರೂ ಬರ್ರಿ" ಎಂದು ಕೂಗಿದೆ. ಆ ಕಡೆಯಿಂದ ಅಲ್ಲಿದ್ದವರೆಲ್ಲ ಒಟ್ಟಿಗೇ ಉಸಿರು ಬಿಟ್ಟದ್ದು ಕೇಳಿಸಿತು.

ಕಸ್ತೂರಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲವಾ, ತೊಳಕೊಂಡು ಬರ್ತೀನಿ" ಎಂದು ಎದ್ದಳು. ನಮ್ಮ ನಲ್ಲಿಗಳು ಮಕ್ಕಳ ಮೊಣಕಾಲೆತ್ತರಕ್ಕೆ ಇರುತ್ತವೆ. ಅವಳು ನಡು ಹಿಡಿದುಕೊಂಡು ಬಾಗಿ, ಕೈಕಾಲು ತೊಳೆದು, ಚಾದರಕ್ಕೆ ಒರೆಸಿಕೊಂಡು ಬಂದು ಮತ್ತೆ ಕೂತಳು. "ತೊಳಕೊಂಡೆ."

ಗೋಡೆ ತೆರೆಯಿತು. ಮೊದಲು ಕಂಡದ್ದು ಒಂದು ಜೊತೆ ಪುಟ್ಟ ಚಪ್ಪಲಿ. ಗೂಡಿನ ಬಾಯಲ್ಲಿ, ಹೊಸ್ತಿಲ ಪಕ್ಕದಲ್ಲಿ ಇಡುವ ಹಾಗೆ ಜೋಡಿಸಿಟ್ಟಿದ್ದವು. ಅವುಗಳ ಹಿಂದೆ ತನು, ಕೆನ್ನೆ ಕೆಂಪಗಾಗಿ, ತನ್ನ ಲಂಗದ ಬಟ್ಟೆಯನ್ನೇ ಕಿವಿಗೆ ಸುತ್ತಿಕೊಂಡು ಕೂತಿದ್ದಳು.

"ಬಾ ಅವ್ವಾ. ಇಲ್ಲಿ ಯಾರೂ ಬ್ಯಾಡ ಅನ್ನೂದಿಲ್ಲ" ಎಂದಳು.

ಕಸ್ತೂರಿ ಕೂಸನ್ನು ಮೊದಲು ಒಳಗೆ ಸರಿಸಿದಳು. ಗೂಡು ಕೂಸಿಗಷ್ಟು ಅಗಲವಾಯಿತು. ಆಮೇಲೆ ತಾನು ಮಗ್ಗುಲಾಗಿ, ಮೊಣಕಾಲು ಎದೆಗೆ ಎಳೆದುಕೊಂಡು ಒಳಗೆ ಉರುಳಿದಳು. ಹಿಡಿಸುವುದಿಲ್ಲ, ಇದು ದೊಡ್ಡವರಿಗಲ್ಲ ಎಂದು ನಾನು ಹೇಳಬೇಕು ಅನ್ನುವಷ್ಟರಲ್ಲಿ ಗೋಡೆ ನಿಧಾನವಾಗಿ ಹಿಂದಕ್ಕೆ ಸರಿದು, ಅವಳ ಬೆನ್ನಿಗೂ ಜಾಗ ಮಾಡಿಕೊಟ್ಟಿತು. ತನು ಅವ್ವನ ಕತ್ತಿನ ಕೆಳಗೆ ಮುಖ ತೂರಿಸಿದಳು. ಅಷ್ಟು ದಿನದ ಅಳುವೆಲ್ಲ ಆಗ ಹೊರಗೆ ಬಂತು. ಕಸ್ತೂರಿ ಅವಳ ಬೆನ್ನು ಸವರುತ್ತಲೇ ಇದ್ದಳು.

ನಿಯಂತ್ರಣ ಕೋಣೆಯಿಂದ ಮುಕ್ತಾ ಕೂಗುತ್ತಿದ್ದರು. ಓಡಿ ಹೋದೆ. ಪರದೆಯ ಮೇಲೆ ಇತ್ತು: ಒಳಗೆ ಮೂರು ಮಕ್ಕಳು. ಕ್ಷೇಮ.

"ಮೂರು ಹ್ಯಾಂಗಾದ್ವು, ಅಂದಾನಪ್ಪನವರ?"

ಯೋಚಿಸಿ ಹೇಳಿದೆ. ನಿಂತವರ, ಕೂತವರ ಭಾರ ಒಂದೆರಡು ಬಿಲ್ಲೆಯ ಮೇಲೆ ಬೀಳುತ್ತದೆ. ಮುದುಡಿಕೊಂಡು ಮಲಗಿದರೆ ಹತ್ತಾರು ಬಿಲ್ಲೆಗಳಿಗೆ ಹಂಚಿಹೋಗುತ್ತದೆ, ಯಾವ ಬಿಲ್ಲೆಗೂ ಹೆಚ್ಚು ಅನಿಸುವುದಿಲ್ಲ. ಬಾಣಂತಿ ಬೇರೆ, ಸೊರಗಿದ್ದಾಳೆ. ಕಟ್ಟಡ ಅವಳನ್ನೂ ಮಗು ಎಂದು ತಿಳಿಯಿತು.

"ಲೆಕ್ಕ ತಪ್ಪೈತ್ರಿ" ಎಂದೆ. "ತಿದ್ದಲೇನ್ರೀ?"

ಮುಕ್ತಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಬ್ಯಾಡ್ರಿ. ಅಡಗಿಮನಿ ಗ್ವಾಡಿಗೆ ಬಿಸಿನೀರು ಮಾತ್ರ ಮತ್ತ ಬಿಟ್ಟಬಿಡ್ರಿ" ಎಂದರು.

ನಾನು ಹೊರಗೆ ಬಂದಾಗ ನೀಲಕ್ಕ ಪುಟ್ಟ ನಲ್ಲಿಯ ಮುಂದೆ ಬಾಗಿ ನಿಂತಿದ್ದಳು. ಕೈ ತೊಳೆದಳು. ಒಂದು ಕಾಲು, ಆಮೇಲೆ ಇನ್ನೊಂದು. ಸೀರೆಯ ಸೆರಗಿಗೆ ಒರೆಸಿಕೊಂಡು ಗೂಡಿನ ಬಾಯಿಗೆ ಬಂದಳು. ಅಲ್ಲಿ ಜೋಡಿಸಿಟ್ಟಿದ್ದ ಪುಟ್ಟ ಚಪ್ಪಲಿಗಳನ್ನು ನೋಡಿದಳು. ಅವುಗಳನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಅಲ್ಲಿಯೇ ಇಟ್ಟಳು.

"ತನವ್ವಾ, ನಾ ಒಳಗ ಬರ್ಲೇನು?"

ನಾಳೆ ಬಾ ಅಂದುಬಿಟ್ಟರೆ ಏನು ಗತಿ ಎಂದುಕೊಂಡೆ.

"ಬಾ ಆಯೀ" ಎಂದಿತು ಒಳಗಿನ ಧ್ವನಿ. "ತೊಳಕೊಂಡಿದ್ದು ನಾ ನೋಡೀನಿ."

ನೀಲಕ್ಕ ಗೊಣಗುತ್ತ, ಸೊಂಟ ಹಿಡಿದುಕೊಂಡು, ಮಗ್ಗುಲಾಗಿ ಮಲಗಿದಳು. ಗೋಡೆ ಒಂದು ಕ್ಷಣ ಯೋಚಿಸಿದಂತೆ ಇದ್ದು, ಆಮೇಲೆ ಅವಳನ್ನೂ ಒಳಗೆ ಕರೆದುಕೊಂಡು ಬಾಯಿ ಮುಚ್ಚಿಕೊಂಡಿತು. ಕ್ವಾರಿಯಿಂದ ಓಡಿಬಂದ ಶಮೀಮ್ ಟೀಚರ್, ಎಲ್ಲಿ ಎಂದು ಕಣ್ಣಲ್ಲೇ ಕೇಳಿದರು. ನಾನು ಪರದೆ ತೋರಿಸಿದೆ.

ಒಳಗೆ ನಾಲ್ಕು ಮಕ್ಕಳು. ಕ್ಷೇಮ.

ಟೀಚರ್ ಚಹಾಕ್ಕೆ ನೀರಿಟ್ಟರು. ನಾನು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಮನೆಗೆ ಹೋಗುವ ಅವಸರ ಯಾರಿಗೂ ಇರಲಿಲ್ಲ.